ಹನ್ನೊಂದು ಪೆಟ್ಟಿಗೆ, ಮೂರು ಮುದ್ರೆ

ಕಳೆದ ತಿಂಗಳು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಭತ್ತ ಬೇಯಿಸುವ ವಾಸನೆ ಬಂತು. ಹೊಗೆ, ಹೊಟ್ಟು, ಹುಳಿ ಎಲ್ಲ ಬೆರೆತ, ಒಮ್ಮೆ ಹತ್ತಿಕೊಂಡರೆ ಬಟ್ಟೆ ಒಗೆದರೂ ಹೋಗದ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ನಗು ಬಂತು. ಮನೆಗೆ ಬಂದವಳೇ 2006ರ ಡೈರಿ ಹುಡುಕಿ ತೆಗೆದೆ.

ನನ್ನ ಡೈರಿಯಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಹೆಚ್ಚು. ಆ ಮಳೆಗಾಲದ ನಾಲ್ಕು ತಿಂಗಳಲ್ಲಿ ಕರೆಂಟು ಹೋದದ್ದು 137 ಸಲ. ನಾನು ಬಸ್ಸಿನಲ್ಲಿ ಬಿಟ್ಟುಬಂದ ಕೊಡೆ ಎರಡು. ಭದ್ರಾವತಿಗೆ ಹೋಗಿಬಂದದ್ದು 19 ಸಲ. ಗುರುಮೂರ್ತಿ ಸರ್ ‘ಇದು ಎರಡು ನಿಮಿಷದ ಕೆಲಸ’ ಅಂದದ್ದು 64 ಸಲ, ಅದರಲ್ಲಿ ಎರಡು ನಿಮಿಷಕ್ಕೆ ಮುಗಿದದ್ದು ಮೂರು. ಇಷ್ಟೆಲ್ಲ ಬರೆದಿಟ್ಟವಳು ಬರೆಯಲೇಬೇಕಾಗಿದ್ದ ಒಂದು ಸಾಲನ್ನು ಮಾತ್ರ ಬರೆದಿರಲಿಲ್ಲ. ಅದರಿಂದ ಒಬ್ಬ ಮನುಷ್ಯ ಕಳ್ಳ ಅನ್ನಿಸಿಕೊಂಡ.

ಆಗ ನನಗೆ ಇಪ್ಪತ್ಮೂರು. ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ಶಿವಮೊಗ್ಗದ ಆಲ್ಕೊಳ ಸರ್ಕಲ್‌ಗೆ ಹತ್ತಿರ, ಟೈರ್ ಅಂಗಡಿಯ ಮಹಡಿ ಮೇಲೆ ನಮ್ಮ ಕಂಪನಿ. ಕಂಪನಿ ಎಂದರೆ ಗುರುಮೂರ್ತಿ ಸರ್, ಅವರ ಹೆಂಡತಿ ರಾಜೇಶ್ವರಿ ಅಕ್ಕ, ಮತ್ತೆ ನಾನು. ಸರ್ ಸರ್ಕ್ಯೂಟ್ ಬರೆಯುತ್ತಿದ್ದರು, ಅಕ್ಕ ಅದನ್ನು ಬೆಸುಗೆ ಹಾಕಿ ಕೂಡಿಸುತ್ತಿದ್ದರು, ನಾನು ಅದರೊಳಗಿನ ಪ್ರೋಗ್ರಾಮ್ ನೋಡಿಕೊಳ್ಳುತ್ತಿದ್ದೆ. ನಾವು ಮಾಡುತ್ತಿದ್ದದ್ದು ಒಂದೇ ಸಾಮಾನು: ವೇಬ್ರಿಡ್ಜ್‌ಗೆ ಕೂರಿಸುವ, ಟಿಫನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ. ಲಾರಿ ತಟ್ಟೆಯ ಮೇಲೆ ನಿಂತಾಗ ತೂಕ ಎಷ್ಟು ಬಂತೋ ಅದನ್ನು ಪೆಟ್ಟಿಗೆ ಓದಿ, ಅದರ ಮೇಲೆ ತನ್ನದೊಂದು ಮುದ್ರೆ ಒತ್ತಿ, ಫೋನ್ ಲೈನಿನಲ್ಲಿ ಗಿರಣಿಯ ಆಫೀಸಿಗೆ ಕಳಿಸುತ್ತಿತ್ತು. ಮುದ್ರೆ ಎಂದರೆ ಅಂಕಿಗಳ ಒಂದು ಉದ್ದನೆಯ ಸಾಲು. ಪ್ರತಿ ಪೆಟ್ಟಿಗೆಯೊಳಗೂ ಅದಕ್ಕೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಕೀಲಿ ಇರುತ್ತದೆ. ಆ ಕೀಲಿ ಇಲ್ಲದೆ ಆ ಮುದ್ರೆ ಬೀಳುವುದಿಲ್ಲ. ಅದಕ್ಕೆ ಜೋಡಿಯಾದ, ಯಾರಿಗೆ ಬೇಕಾದರೂ ತೋರಿಸಬಹುದಾದ ಇನ್ನೊಂದು ಅಂಕಿಸಾಲು ಆಫೀಸಿನ ಕಂಪ್ಯೂಟರಿನಲ್ಲಿರುತ್ತದೆ; ಮುದ್ರೆ ಯಾವ ಪೆಟ್ಟಿಗೆಯದು ಎಂದು ಅದರಿಂದ ತಿಳಿಯುತ್ತದೆ. ದಾರಿಯಲ್ಲಿ ಯಾರಾದರೂ ಒಂಬತ್ತು ಟನ್ನನ್ನು ಹತ್ತು ಮಾಡಿದರೆ ಮುದ್ರೆ ಒಡೆದುಹೋಗಿ ಆಫೀಸಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ಈ ಮುದ್ರೆ ಒತ್ತುವ ವಿದ್ಯೆ ನಮ್ಮದಲ್ಲ. ಬೇರೆ ಬೇರೆ ದೇಶಗಳ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದ ಒಂದು ಓಪನ್ ಸೋರ್ಸ್ ಲೈಬ್ರರಿ ಅದು. ಆದರೆ ಅದು ದೊಡ್ಡ ಕಂಪ್ಯೂಟರಿಗೆ ಹೊಲಿದ ಅಂಗಿ. ನಮ್ಮ ಪೆಟ್ಟಿಗೆಯ ಮೆಮೊರಿಗೆ ಅದರ ಒಂದು ತೋಳೂ ಹಿಡಿಸುತ್ತಿರಲಿಲ್ಲ. ಹಾಗಾಗಿ ಸರ್ ಎರಡು ವರ್ಷ ಮೊದಲು ಅದರ ಒಂದು ಪ್ರತಿ ತೆಗೆದುಕೊಂಡು ಬೇಡದ್ದೆಲ್ಲ ಕತ್ತರಿಸಿ, ಕೆಲವು ಕಡೆ ತೇಪೆ ಹಾಕಿ ನಮ್ಮದೇ ಒಂದು ಕವಲು ಮಾಡಿಕೊಂಡಿದ್ದರು. ಇಂಥದ್ದಕ್ಕೆ ಫೋರ್ಕ್ ಅನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಸರ್ ಅರ್ಧ ಗಂಟೆ ವಿವರಿಸಿದರೂ ನನಗೆ ಪೂರ್ತಿ ಅರ್ಥವಾಗದ್ದನ್ನು ರಾಜೇಶ್ವರಿ ಅಕ್ಕ ಬೆಸುಗೆ ಕಡ್ಡಿ ಕೆಳಗಿಡದೆಯೇ ಹೇಳಿ ಮುಗಿಸಿದರು.

“ಪಾಲಾಗಿ ಬೇರೆ ಮನೆ ಮಾಡ್ದಂಗೆ ಕಣೆ. ದೊಡ್ಡಮನೇಲಿ ಹಂಚು ಸೋರಿದ್ರೆ ಅವರು ಅವರದ್ದು ಬದಲಾಯಿಸ್ಕೊಳ್ತಾರೆ. ನಮ್ಮನೆ ಹಂಚನ್ನ ನಾವೇ ಹತ್ತಿ ಬದಲಾಯಿಸ್ಬೇಕು. ನಿನ್ನ ಕೆಲಸ ಏನಪ್ಪಾ ಅಂದ್ರೆ, ದೊಡ್ಡಮನೆಯವರು ಯಾವ ಹಂಚು ಬದಲಾಯಿಸಿದ್ರು ಅಂತ ದಿನಾ ಇಣುಕಿ ನೋಡೋದು.”

ನಾನು ಮಾಡುತ್ತಿದ್ದದ್ದು ಅಷ್ಟೇ. ಮೂಲ ಲೈಬ್ರರಿಯವರ ಇ-ಮೇಲ್‌ಗಳನ್ನು ಪ್ರತಿದಿನ ಬೆಳಿಗ್ಗೆ ಓದುವುದು. ಅವರು ತೂತು ಮುಚ್ಚಿದ ಕಡೆ ನಮ್ಮಲ್ಲೂ ಆ ತೂತು ಇದೆಯೋ ಎಂದು ನೋಡುವುದು. ಇದ್ದರೆ ಅವರ ತಿದ್ದುಪಡಿಯನ್ನು ನಮ್ಮ ಕವಲಿಗೆ ಒಗ್ಗುವಂತೆ ಕೈಯಾರೆ ತರುವುದು. ಇದಕ್ಕೆ ಸಹಾಯಕ್ಕೆಂದು ಒಂದು ಉದ್ದನೆಯ ರಟ್ಟಿನ ನೋಟ್‌ಬುಕ್ ಇತ್ತು. ಅದರ ಹೆಸರು ಕತ್ತರಿ ಪುಸ್ತಕ. ಸರ್ ಮೂಲದಿಂದ ಏನೇ ಕತ್ತರಿಸಿರಲಿ, ಏನೇ ಸೇರಿಸಿರಲಿ, ಅದಕ್ಕೊಂದು ನಂಬರು, ಒಂದು ಕಾರಣ ಅದರಲ್ಲಿ ಇರಲೇಬೇಕು. ನಾನು ಬಂದಾಗ 212 ನಂಬರುಗಳಿದ್ದವು. ನನ್ನಂಥವಳಿಗೆ ಅದು ಹಬ್ಬದೂಟ. ಹೊಸ ತಿದ್ದುಪಡಿ ತಂದಾಗಲೆಲ್ಲ 212ನ್ನೂ ಒಂದೊಂದಾಗಿ ನೋಡಿ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸರಿ ಗುರುತು ಹಾಕುತ್ತಿದ್ದೆ.

47ನೇ ನಂಬರು ಸರ್ ಅವರ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಕೀಲಿ ಹುಟ್ಟಬೇಕಾದರೆ ಯಾರೂ ಊಹಿಸಲಾಗದ ಅಂಕಿಗಳು ಬೇಕು. ದೊಡ್ಡ ಕಂಪ್ಯೂಟರು ಅದನ್ನು ತಾನೇ ಕೊಡುತ್ತದೆ. ನಮ್ಮ ಪೆಟ್ಟಿಗೆ ಕೊಡಲಾರದು. ಆದ್ದರಿಂದ ತಕ್ಕಡಿಯ ನಡುಕದಿಂದ ತೆಗೆದುಕೊಳ್ಳುವುದು.’ ಆಫೀಸಿನಲ್ಲಿ ಪೆಟ್ಟಿಗೆಗೆ ಜೋಡಿಸುತ್ತಿದ್ದ ಸಣ್ಣ ತಕ್ಕಡಿ ಎಷ್ಟೇ ಸುಮ್ಮನಿದ್ದರೂ ಅದರ ಕೊನೆಯ ಅಂಕಿ ನಿಲ್ಲುವುದಿಲ್ಲ, ಮೇಲೆ ಕೆಳಗೆ ಆಡುತ್ತಿರುತ್ತದೆ. ಸರ್ಕಲ್‌ನಲ್ಲಿ ಬಸ್ಸು ತಿರುಗಿದರೆ ಇನ್ನೂ ಜೋರು. ಆ ಆಟವನ್ನೇ ಹಿಡಿದು ಕೀಲಿಗೆ ಹಾಕಿದ್ದರು. ಓದಿ, ಎಂಥ ತಲೆ ಇವರದು ಎಂದು ಡೈರಿಯಲ್ಲಿ ಬರೆದಿದ್ದೇನೆ. ಮನಸ್ಸಿನ ಮಾತು ಬರೆದ ಅಪರೂಪದ ದಿನ.

ಜೂನ್ 5ರಂದು ಮೊದಲ ಜೋರು ಮಳೆ. ಅವತ್ತೇ ಮೂಲ ಲೈಬ್ರರಿಯ ದೊಡ್ಡದೊಂದು ಹೊಸ ಆವೃತ್ತಿಯನ್ನು ನಮ್ಮ ಕವಲಿಗೆ ತಂದು ಮುಗಿಸಿದೆ. 212 ಸರಿ ಗುರುತು. ಪರೀಕ್ಷೆಗಳೆಲ್ಲ ಪಾಸು. ಸರ್ ಬೆನ್ನು ತಟ್ಟಿದರು. ಅಕ್ಕ ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಮುಂದಿನ ಐದು ವಾರಗಳಲ್ಲಿ ಹೊಸ ಪ್ರೋಗ್ರಾಮ್ ತುಂಬಿದ ಹನ್ನೊಂದು ಪೆಟ್ಟಿಗೆ ತಯಾರಾದವು.

ಪ್ರತಿ ಪೆಟ್ಟಿಗೆಗೂ ಕೀಲಿ ಹುಟ್ಟಿಸುವುದು ನನ್ನ ಕೆಲಸ. ಸರ್ ಮಾಡುವಾಗ ಸ್ವಿಚ್ ಹಾಕಿ, ಫೋನ್ ಬಂದರೆ ಮಾತಾಡಿ, ನೆನಪಾದಾಗ ಬಟನ್ ಒತ್ತುತ್ತಿದ್ದರಂತೆ. ನನಗೆ ಅಂಥದ್ದು ಆಗಿಬರುವುದಿಲ್ಲ. ನಾನೊಂದು ಕ್ರಮ ಬರೆದು ಗೋಡೆಗೆ ಅಂಟಿಸಿದೆ: ಸ್ವಿಚ್ ಹಾಕು, ಕೈಗಡಿಯಾರ ನೋಡಿಕೊಂಡು ಇಪ್ಪತ್ತು ಸೆಕೆಂಡ್ ಎಣಿಸು, ಬಟನ್ ಒತ್ತು, ಪೆಟ್ಟಿಗೆಯ ನಂಬರು ಬರೆ. ಡೈರಿಯಲ್ಲಿ ಹನ್ನೊಂದೂ ಇವೆ. ದಿನಾಂಕ, ನಂಬರು, ಹೊರಗೆ ಮಳೆಯೋ ಬಿಸಿಲೋ. ಕೀಲಿಯ ಆ ಜೋಡಿ ಅಂಕಿ ಮಾತ್ರ ಇಲ್ಲ. ಅರವತ್ತು ಎಪ್ಪತ್ತು ಅಂಕಿಯ ಅರ್ಥವಿಲ್ಲದ ಸಾಲನ್ನು ಬರೆದು ಏನು ಪ್ರಯೋಜನ ಅಂದುಕೊಂಡಿದ್ದೆ.

ನಮ್ಮ ದೊಡ್ಡ ಗಿರಾಕಿ ಭದ್ರಾವತಿಯ ಒಂದು ಅಕ್ಕಿ ಗಿರಣಿಯವರು. ಅವರಿಗೆ ನಾಲ್ಕು ವೇಬ್ರಿಡ್ಜ್ ಇದ್ದವು. ಜೂನ್ ಕೊನೆಗೆ ಕಾಗದನಗರದ ರಸ್ತೆಯ ವೇಬ್ರಿಡ್ಜ್‌ಗೆ ಮೂರನೇ ನಂಬರಿನ ಪೆಟ್ಟಿಗೆ ಕೂರಿಸಿದೆವು. ಜುಲೈ 19ರಂದು ಹೊಳೆಹೊನ್ನೂರಿನಲ್ಲಿ ಸಿಡಿಲು ಬಡಿದು ಅಲ್ಲಿನ ಹಳೇ ಪೆಟ್ಟಿಗೆ ಸುಟ್ಟಿತು. ಮಾರನೇ ದಿನ ಆರನೇ ನಂಬರಿನದನ್ನು ತೆಗೆದುಕೊಂಡು ನಾನೇ ಹೋದೆ. ಅಲ್ಲಿ ವೇಬ್ರಿಡ್ಜ್ ನೋಡಿಕೊಳ್ಳುತ್ತಿದ್ದವರು ಚನ್ನಬಸಪ್ಪ ಎಂಬವರು. ಐವತ್ತು ದಾಟಿದ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದ, ಯಾವ ಲಾರಿ ಬಂದರೂ ಅದರ ಡ್ರೈವರನ್ನು ಹೆಸರು ಹಿಡಿದು ಕೂಗುವ ಮನುಷ್ಯ. ಹೊಸ ಪೆಟ್ಟಿಗೆ ನೋಡಿ, “ಇದಕ್ಕೂ ಸಿಡ್ಲು ಹೊಡಿಯುತ್ತೇನು ತಂಗೀ?” ಎಂದು ಕೇಳಿದ್ದರು. “ಹೊಡೆದ್ರೆ ಇನ್ನೊಂದು ತರ್ತೀನಿ” ಅಂದಿದ್ದೆ. “ಹಂಗಾದ್ರೆ ಹೊಡೀಲಿ ಬಿಡು, ನೀನು ಬಂದ ದಿನ ನನಗೂ ಮಾತಾಡಾಕೆ ಜನ ಸಿಕ್ತಾರೆ” ಅಂದಿದ್ದರು.

ಆಗಸ್ಟ್ 21ರಂದು ಗಿರಣಿಯ ಮ್ಯಾನೇಜರ್ ನಾಗರಾಜಪ್ಪ ಫೋನ್ ಮಾಡಿ ಕರೆಸಿಕೊಂಡರು. ಸರ್ ಹೊಸ ಗಿರಾಕಿಯೊಬ್ಬರನ್ನು ನೋಡಲು ಶಿಕಾರಿಪುರಕ್ಕೆ ಹೋಗಿದ್ದರು, ನಾನೊಬ್ಬಳೇ ಹೋದೆ. ಮ್ಯಾನೇಜರ ಮೇಜಿನ ಮುಂದೆ ಚನ್ನಬಸಪ್ಪ ಕೈಕಟ್ಟಿ ನಿಂತಿದ್ದರು. ಕಾಗದನಗರದ ವೇಬ್ರಿಡ್ಜ್ ನೋಡಿಕೊಳ್ಳುವ ಸೆಲ್ವಂ ಗೋಡೆಗೆ ಒರಗಿದ್ದ.

ನಾಗರಾಜಪ್ಪ ಒಂದು ಪಟ್ಟಿ ನನ್ನ ಮುಂದೆ ಹರಡಿದರು. “ನೋಡ್ರೀ. ಒಂದು ತಿಂಗ್ಳಿಂದ ಹೊಳೆಹೊನ್ನೂರಿಂದ ಬಂದಿರೋ ತೂಕದ ಚೀಟಿ ನಲವತ್ತೊಂದು. ಲಾರಿ ನಂಬರ್ರು, ತೂಕ, ಊರಿನ ಹೆಸ್ರು ಎಲ್ಲಾ ಹೊಳೆಹೊನ್ನೂರಿಂದೇ. ಮುದ್ರೆ ಮಾತ್ರ ಯಾವ್ದು ಅಂತ ಕೇಳಿದ್ರೆ ಕಂಪ್ಯೂಟರ್ರು ಕಾಗದನಗರದ್ದು ಅನ್ನುತ್ತೆ. ನಲವತ್ತೊಂದೂ! ಅಂದ್ರೇನು? ಈ ಯಜಮಾನ್ರು ಮನೇಲಿ ಮಲ್ಗಿದಾರೆ. ಅಲ್ಲಿ ಸೆಲ್ವಂ ಇವ್ರ ಹೆಸ್ರಲ್ಲಿ ಚೀಟಿ ಒತ್ತವ್ನೆ. ಲಾರಿ ತಟ್ಟೆ ಮೇಲೆ ಹತ್ತೇ ಇಲ್ಲ, ತೂಗದ ಭತ್ತಕ್ಕೆ ನಾವು ದುಡ್ಡು ಕೊಟ್ಟಿದೀವಿ.”

“ಸಾರ್, ನನಗೆ ಒಂದು ಬ್ರಿಡ್ಜ್ ನೋಡ್ಕೊಳ್ಳಕ್ಕೇ ಆಗಲ್ಲ, ಎರಡು ಎಲ್ಲಿ ಸಾರ್ ನೋಡ್ಲಿ” ಎಂದ ಸೆಲ್ವಂ. ಯಾರೂ ನಗಲಿಲ್ಲ.

“ಮೇಡಂ, ನೀವೇ ಹೇಳಿ” ಎಂದರು ನಾಗರಾಜಪ್ಪ. “ಒಂದು ಪೆಟ್ಟಿಗೆ ಮುದ್ರೆ ಇನ್ನೊಂದ್ರಲ್ಲಿ ಬೀಳೋಕೆ ಸಾಧ್ಯಾನಾ?”

ನಾನು ಹೇಳಿದೆ. ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. “ಸಾಧ್ಯವೇ ಇಲ್ಲ ಸರ್. ಭೂಮಿ ಮೇಲಿರೋ ಕಂಪ್ಯೂಟರೆಲ್ಲಾ ಸೇರಿ ಸಾವಿರಾರು ವರ್ಷ ಹುಡುಕಿದ್ರೂ ಒಂದು ಕೀಲಿ ಇನ್ನೊಂದಕ್ಕೆ ಹೊಂದಲ್ಲ.” ಪುಸ್ತಕದಲ್ಲಿ ಓದಿದ್ದನ್ನು ಚೆನ್ನಾಗಿ ಒಪ್ಪಿಸಿದ ಖುಷಿಯೂ ಇತ್ತು. ಅದು ಚನ್ನಬಸಪ್ಪನವರ ಕೊರಳಿಗೆ ಬೀಳುತ್ತಿದೆ ಎಂಬುದು ಹೇಳಿ ಮುಗಿದ ಮೇಲೆ ಹೊಳೆಯಿತು.

“ಕೇಳಿದ್ರಲ್ಲ ಯಜಮಾನ್ರೇ. ಶನಿವಾರದೊಳ್ಗೆ ಒಪ್ಕೊಂಡು ಬರ್ಕೊಟ್ರೆ ಮರ್ಯಾದೆಯಿಂದ ಬಿಟ್ಬಿಡ್ತೀವಿ. ಇಲ್ಲಾಂದ್ರೆ ಪೊಲೀಸ್ ಸ್ಟೇಷನ್ನು. ಅಲ್ಲೀವರ್ಗೂ ಮನೇಲಿರಿ.”

ಹೊರಗೆ ಜಗುಲಿಯಲ್ಲಿ ಚನ್ನಬಸಪ್ಪ ಚಪ್ಪಲಿ ಹುಡುಕುತ್ತಿದ್ದರು. ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

“ಶನಿವಾರ ಗೌರಿ ಹಬ್ಬ ತಂಗೀ. ಮಗಳನ್ನ ಕೊಟ್ಟು ಮೊದಲ್ನೇ ಗೌರಿ. ಅಳಿಯ, ಬೀಗ್ರು ಎಲ್ಲಾ ಬರ್ತಾರೆ. ಕಳ್ಳ ಅನ್ನಿಸ್ಕೊಂಡು ಅವರ ಎದ್ರಿಗೆ ಹೆಂಗೆ ಎಲೆ ಹಾಕ್ಲಿ?” ಚಪ್ಪಲಿ ಸಿಕ್ಕಿತು. “ನೀನು ಕಲ್ತೋಳು. ನಿನ್ನ ಲೆಕ್ಕ ಸುಳ್ಳಾಗಲ್ಲ ಅಂತಿ. ಆದ್ರೆ ನಾನೂ ಲೆಕ್ಕ ಇಟ್ಟೀನಿ. ಒಂದ್ಸಲ ಬಂದು ನೋಡ್ಕೊಂಡು ಹೋಗು, ಆಮೇಲೆ ಏನಾದ್ರೂ ಅನ್ನು.”

ನಾನೂ ಲೆಕ್ಕ ಇಟ್ಟೀನಿ ಎಂಬ ಮಾತು ಇಲ್ಲದಿದ್ದರೆ ಪ್ರಾಯಶಃ ಹೋಗುತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಹೊಳೆಹೊನ್ನೂರಿನ ಬಸ್ಸು ಹತ್ತಿದೆ. ವೇಬ್ರಿಡ್ಜ್‌ನ ಪುಟ್ಟ ಕೋಣೆಯ ಒಳಗೋಡೆಗೆ ಕಪ್ಪು ಬಣ್ಣ ಬಳಿದಿತ್ತು. ಅದರ ತುಂಬ ಸೀಮೆಸುಣ್ಣದ ಬರಹ. ತಾರೀಕು, ಲಾರಿ ನಂಬರು, ಹತ್ತಿದ ಹೊತ್ತು, ಇಳಿದ ಹೊತ್ತು. ಕೆಲವು ಕಡೆ ಷರಾ: ‘ಟೈರ್ ಪಂಚರ್, ಅರ್ಧ ಗಂಟೆ’. ‘ಡ್ರೈವರ್ ರಫೀಕ್, ಮಗ ಹುಟ್ಟಿದ, ಪೇಡ ಕೊಟ್ಟ’. ‘ಮಳೆ ಜೋರು, ತಟ್ಟೆ ಗುಡಿಸಿ ತೂಗಿದ್ದು’. ನನ್ನ ಡೈರಿಯನ್ನೇ ಯಾರೋ ಗೋಡೆಗೆ ಹಚ್ಚಿದ ಹಾಗಿತ್ತು.

ಕೈಯಲ್ಲಿದ್ದ ಪಟ್ಟಿಯನ್ನು ಗೋಡೆಯ ಜೊತೆ ಒಂದೊಂದಾಗಿ ತಾಳೆ ನೋಡಿದೆ. ನಲವತ್ತೊಂದಕ್ಕೆ ನಲವತ್ತೊಂದೂ ಸರಿ. ಹೊತ್ತು ಹೆಚ್ಚೆಂದರೆ ಎರಡು ನಿಮಿಷ ಆಚೀಚೆ. ಮನೆಯಲ್ಲಿ ಮಲಗಿದ ಮನುಷ್ಯನಿಗೆ ರಫೀಕನ ಮಗ ಹುಟ್ಟಿದ್ದು, ಹನ್ನೊಂದು ನಲವತ್ತಕ್ಕೆ ಟೈರ್ ಹೋದದ್ದು ಗೊತ್ತಾಗುವುದಿಲ್ಲ. ಈ ಬಗೆಯ ಲೆಕ್ಕವನ್ನು ಸುಳ್ಳಾಗಿ ಬರೆಯಲು ಬರುವುದಿಲ್ಲ ಎಂಬುದು ಅಂಥ ಲೆಕ್ಕ ಇಡುವವರಿಗೆ ಗೊತ್ತು. ಹಾಗಾದರೆ ತಪ್ಪಿದ್ದು ನನ್ನ ಲೆಕ್ಕ.

ಆಲ್ಕೊಳಕ್ಕೆ ವಾಪಸಾಗಿ, ಮಾರನೇ ದಿನ ಬೆಳಿಗ್ಗೆ ಹನ್ನೊಂದು ಪೆಟ್ಟಿಗೆಗಳ ಕೀಲಿಗೆ ಸೇರಿದ, ಯಾರಿಗೆ ಬೇಕಾದರೂ ತೋರಿಸಬಹುದಾದ ಅಂಕಿಗಳನ್ನು ಕಂಪ್ಯೂಟರಿನಿಂದ ತೆಗೆದು ಒಂದರ ಕೆಳಗೊಂದು ಬರೆದೆ. ಮೂರನೇ ನಂಬರು, ಆರನೇ ನಂಬರು: ಒಂದೇ. ಕಣ್ಣುಜ್ಜಿಕೊಂಡೆ. ಉಳಿದವನ್ನೂ ಬರೆದೆ. ಏಳು ಪೆಟ್ಟಿಗೆಗಳಲ್ಲಿ ಒಂದೇ ಕೀಲಿ. ಮೂರರಲ್ಲಿ ಇನ್ನೊಂದು. ಒಂಬತ್ತನೇ ನಂಬರಿನ ಪೆಟ್ಟಿಗೆಗೆ ಮಾತ್ರ ತನ್ನದೇ ಬೇರೆ ಕೀಲಿ. ಹನ್ನೊಂದು ಪೆಟ್ಟಿಗೆಗೆ ಒಟ್ಟು ಮೂರು ಮುದ್ರೆ. ಗಿರಣಿಯ ಕಂಪ್ಯೂಟರು ಮೊದಲು ಬಂದ ಪೆಟ್ಟಿಗೆಯಿಂದ ಶುರುಮಾಡಿ ಯಾವ ಕೀಲಿ ಹೊಂದುತ್ತದೆ ಎಂದು ನೋಡುತ್ತಿತ್ತು. ಹೊಳೆಹೊನ್ನೂರಿನ ಚೀಟಿ ಕಾಗದನಗರದ ಕೀಲಿಗೇ ಹೊಂದಿದ್ದರಿಂದ ಅಲ್ಲೇ ನಿಂತುಬಿಟ್ಟಿತು.

ಕತ್ತರಿ ಪುಸ್ತಕ ತೆಗೆದು ಒಂದರಿಂದ ಮತ್ತೆ ನೋಡುತ್ತ ಬಂದೆ. 47ಕ್ಕೆ ಬಂದಾಗ ಸಿಕ್ಕಿತು. ಮೂಲ ಲೈಬ್ರರಿಯವರು ಹೊಸ ಆವೃತ್ತಿಯಲ್ಲಿ ಅಂಕಿ ಕೇಳುವ ಜಾಗವನ್ನೇ ಬೇರೆ ಕಡತಕ್ಕೆ ಸಾಗಿಸಿದ್ದರು. ತಕ್ಕಡಿಯ ನಡುಕ ಹಿಡಿಯುವ ಸರ್ ಅವರ ಭಾಗ ಹಳೇ ಕಡತದಲ್ಲಿ ಹಾಗೇ ಇತ್ತು. ಇದೆಯೇ ಎಂದು ನೋಡಿದೆ, ಇತ್ತು, ಸರಿ ಗುರುತು ಹಾಕಿದೆ. ಅದನ್ನು ಯಾರಾದರೂ ಕರೆಯುತ್ತಿದ್ದಾರೆಯೇ ಎಂದು ನೋಡಿರಲಿಲ್ಲ. ಯಾರೂ ಕರೆಯುತ್ತಿರಲಿಲ್ಲ. ಅಂಕಿಗೆ ಗತಿಯಿಲ್ಲದೆ ಪೆಟ್ಟಿಗೆ ತನ್ನ ಗಡಿಯಾರವನ್ನು ನೋಡಿಕೊಂಡು ಕೀಲಿ ಮಾಡುತ್ತಿತ್ತು. ಆ ಗಡಿಯಾರ ಸ್ವಿಚ್ ಹಾಕಿದಾಗ ಸೊನ್ನೆಯಿಂದ ಶುರುವಾಗುತ್ತದೆ. ನಾನು ಪ್ರತಿಸಲವೂ ಸರಿಯಾಗಿ ಇಪ್ಪತ್ತು ಸೆಕೆಂಡ್ ಎಣಿಸಿ ಒತ್ತುತ್ತಿದ್ದೆ. ಏಳು ಸಲ ಇಪ್ಪತ್ತು. ಮೂರು ಸಲ ಬೆರಳು ತಡವಾಗಿ ಇಪ್ಪತ್ತೊಂದು. ಸರ್ ಅವರ ಹಾಗೆ ಮನಸ್ಸು ಬಂದಾಗ ಒತ್ತಿದ್ದರೆ ಈ ಅನಾಹುತ ಇಷ್ಟು ದೊಡ್ಡದಾಗುತ್ತಿರಲಿಲ್ಲ. ನನ್ನ ಶಿಸ್ತೇ ಏಳು ಪೆಟ್ಟಿಗೆಗಳಿಗೆ ಒಂದೇ ಕೀಲಿ ಕೊಟ್ಟಿತ್ತು.

ಒಂಬತ್ತನೇ ಪೆಟ್ಟಿಗೆ ಹೇಗೆ ತಪ್ಪಿಸಿಕೊಂಡಿತು ಎಂದು ಡೈರಿ ತೆಗೆದು ನೋಡಿದೆ. ಜುಲೈ 7: ‘ಎಣಿಸುವಾಗ ಅಕ್ಕ ಚಹಾಕ್ಕೆ ಕರೆದರು. ಸ್ವಿಚ್ ಆರಿಸದೆ ಹೋಗಿ, ಕುಡಿದು ಬಂದು ಮೊದಲಿನಿಂದ ಎಣಿಸಿದೆ.’

ಅಷ್ಟು ಹೆದರಿಕೆಯಲ್ಲೂ ನಕ್ಕುಬಿಟ್ಟೆ. ಬೆಸುಗೆ ಹಾಕುತ್ತಿದ್ದ ಅಕ್ಕ ತಿರುಗಿ ನೋಡಿದರು. ಆಮೇಲೆ ಅಳು ಬಂತು. ಅಕ್ಕ ಎದ್ದುಬಂದು ಹಾಳೆ ನೋಡಿ, ಒಳಗೆ ಹೋಗಿ ಸರ್ ಅವರನ್ನು ಕರೆತಂದರು.

ಕೆಲಸಕ್ಕೆ ಸೇರಿ ಆರು ತಿಂಗಳು ತುಂಬಿರಲಿಲ್ಲ. ಅಕ್ಟೋಬರ್‌ನಲ್ಲಿ ಕಾಯಂ ಮಾಡುವುದೋ ಬೇಡವೋ ಎಂಬ ಮಾತು ಬಾಕಿ ಇತ್ತು. ಶಿಕಾರಿಪುರದ ಗಿರಾಕಿ ಒಪ್ಪುವ ಹಂತದಲ್ಲಿದ್ದ. ಸರ್ ಹನ್ನೊಂದು ಸಾಲುಗಳನ್ನು ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ನಲವತ್ತೇಳು ಅಲ್ವಾ?”

“ಹೌದು ಸರ್. ನಾನು ನೋಡ್ಬೇಕಿತ್ತು.”

“ನೀನು ನೋಡ್ಬೇಕಿತ್ತು. ನೀನು ನೋಡಿದೀಯಾ ಅಂತ ನಾನು ನೋಡ್ಬೇಕಿತ್ತು. ಮಾರಾಯ್ತಿ, ಇನ್ನೂರ ಹನ್ನೆರಡು ಗುರುತು ಕಂಡು ಖುಷಿಯಾಗಿ ನಾನು ಒಂದನ್ನೂ ತೆರೆದು ನೋಡ್ಲಿಲ್ಲ.” ಕನ್ನಡಕ ಹಾಕಿಕೊಂಡರು. “ಸರಿ. ಮೊದ್ಲು ಆ ಮನುಷ್ಯನ್ನ ಕೆಲಸಕ್ಕೆ ವಾಪಸ್ ಕೂರಿಸೋಣ. ಆಮೇಲೆ ನಿನ್ನ ಬೈತೀನಿ. ಬೈಯೋದು ಎರಡು ನಿಮಿಷದ ಕೆಲಸ.”

“ನೀವು ಬೈಯೋಕೆ ಶುರುಮಾಡಿದ್ರೆ ಎರಡು ನಿಮಿಷಕ್ಕೆ ಎಲ್ಲಿ ನಿಲ್ಲಿಸ್ತೀರಿ” ಎಂದರು ಅಕ್ಕ.

ಆಗಸ್ಟ್ 24ರಂದು ಸರ್ ಮತ್ತು ನಾನು ನಾಗರಾಜಪ್ಪನವರ ಮುಂದೆ ಕೂತೆವು. ಬಾಯಿಮಾತಿಗೆ ಅವರು ಬಗ್ಗುವುದಿಲ್ಲವೆಂದು ನಮಗೆ ಗೊತ್ತಿತ್ತು. ನಮ್ಮಲ್ಲಿ ಇನ್ನೂ ಯಾರಿಗೂ ಕೊಡದ, ಶಿವಮೊಗ್ಗ ಬಿಟ್ಟು ಹೊರಗೇ ಬಾರದ ಏಳನೇ ನಂಬರಿನ ಪೆಟ್ಟಿಗೆ ಇತ್ತು. ಅದೂ ಆ ಏಳರ ಪೈಕಿಯದು. ಅದನ್ನು ಅವರ ಮೇಜಿನ ಮೇಲಿಟ್ಟು ಕಂಪ್ಯೂಟರಿಗೆ ಜೋಡಿಸಿದೆ.

“ಸರ್, ನಿಮ್ಮ ಸ್ಕೂಟರ್ ನಂಬರ್ ಎಷ್ಟು?”

“ಯಾಕ್ರೀ?” ಎಂದರೂ ಹೇಳಿದರು.

ಲಾರಿ ನಂಬರಿನ ಜಾಗದಲ್ಲಿ ಅವರ ಸ್ಕೂಟರ್ ನಂಬರು ಹಾಕಿ, ತೂಕ ಒಂಬತ್ತು ಟನ್ ಎಂದು ಕೊಟ್ಟು ಚೀಟಿ ಕಳಿಸಿದೆ. ಅವರ ಕಂಪ್ಯೂಟರು ಒಂದು ಕ್ಷಣ ಯೋಚಿಸಿ ಹೇಳಿತು: ಮುದ್ರೆ ಸರಿಯಿದೆ, ಕಾಗದನಗರ ವೇಬ್ರಿಡ್ಜ್.

ನಾಗರಾಜಪ್ಪ ಪರದೆ ನೋಡಿದರು. ಕಿಟಕಿಯಾಚೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದ ತಮ್ಮ ಸ್ಕೂಟರ್ ನೋಡಿದರು. “ಒಂಬತ್ತು ಟನ್ನಾ?”

“ಸೆಲ್ವಂ ತೂಗಿದಾನೆ ಸರ್. ಈಗ ಸ್ಟೇಷನ್ನಿಗೆ ಯಾರನ್ನ ಕಳಿಸೋಣ?” ಎಂದರು ನಮ್ಮ ಸರ್.

ನಾನು ಬರೆದು ತಂದಿದ್ದ ಹಾಳೆಯನ್ನು ಅವರ ಮುಂದಿಟ್ಟೆ. ತಪ್ಪು ಪೆಟ್ಟಿಗೆಯ ಪ್ರೋಗ್ರಾಮಿನದು, ಅದನ್ನು ಮಾಡಿದವಳು ನಾನು, ಹೊಳೆಹೊನ್ನೂರಿನ ನಲವತ್ತೊಂದು ತೂಕವೂ ನಿಜ, ಚನ್ನಬಸಪ್ಪ ಮತ್ತು ಸೆಲ್ವಂ ಅವರದು ಏನೂ ತಪ್ಪಿಲ್ಲ. ಕೆಳಗೆ ನನ್ನ ಹೆಸರು, ಸಹಿ. ಗೋಡೆಯ ಲೆಕ್ಕದ ನಕಲನ್ನೂ ಲಗತ್ತಿಸಿದ್ದೆ. ನಾಗರಾಜಪ್ಪ ಎರಡು ಸಲ ಓದಿದರು. ಅವರು ಕೆಟ್ಟವರಲ್ಲ, ಕಂಪ್ಯೂಟರನ್ನು ನನ್ನಷ್ಟೇ ನಂಬಿದ್ದರು ಅಷ್ಟೆ.

“ಮೊನ್ನೆ ಸಾವಿರಾರು ವರ್ಷ ಅಂದ್ರಲ್ಲಮ್ಮಾ?”

“ಕೀಲಿ ಸರಿಯಾಗಿ ಹುಟ್ಟಿದ್ರೆ ಸರ್.”

“ಹುಟ್ಟಿದ್ರೆ!” ಎಂದು ಹಾಳೆ ಮಡಚಿದರು. “ನಾಳೆ ಹೊಳೆಹೊನ್ನೂರಿನದ್ದು ಸರಿ ಮಾಡಿ. ಚೀಟಿ ಹೊಳೆಹೊನ್ನೂರು ಅಂತಾನೇ ಬರ್ಬೇಕು, ನನ್ನ ಕಣ್ಣಾರೆ ನೋಡ್ಬೇಕು. ಬಂದ್ರೆ ಅವತ್ತಿಂದಾನೇ ಚನ್ನಬಸಪ್ಪ ಕೆಲಸದ ಮೇಲೆ. ಬರ್ಲಿಲ್ಲ ಅಂದ್ರೆ ನಿಮ್ಮ ನಾಲ್ಕು ಪೆಟ್ಟಿಗೇನೂ ಅವತ್ತೇ ತಗೊಂಡ್ಹೋಗಿ.”

ತಪ್ಪನ್ನು ಸರಿಮಾಡಲು ಬೇಕಾದದ್ದು ಒಂದು ಸಾಲು. ಕರೆಯದೆ ಬಿಟ್ಟಿದ್ದ ಸರ್ ಅವರ ಭಾಗವನ್ನು ಮತ್ತೆ ಕರೆದದ್ದು. ಆದರೆ ಅಷ್ಟಕ್ಕೇ ಬಿಡಲು ಇಬ್ಬರಿಗೂ ಧೈರ್ಯವಾಗಲಿಲ್ಲ. ನಡುಕ ಸಾಕಷ್ಟು ಇಲ್ಲದಿದ್ದರೆ ಪೆಟ್ಟಿಗೆ ಕೀಲಿ ಮಾಡಲು ಒಪ್ಪದೆ ಇನ್ನೂ ಬೇಕು ಎಂದು ಹೇಳುವಂತೆ ಮಾಡಿದೆವು. ಕೀಲಿಯನ್ನು ಇನ್ನು ಮೇಲೆ ಆಫೀಸಿನಲ್ಲಿ ಹುಟ್ಟಿಸುವುದು ಬೇಡ, ಆಯಾ ವೇಬ್ರಿಡ್ಜ್‌ನಲ್ಲೇ, ಅದರ ತಟ್ಟೆಯ ನಡುಕದಿಂದಲೇ ಹುಟ್ಟಲಿ ಎಂದು ಸರ್ ತೀರ್ಮಾನಿಸಿದರು. ಗೋಡೆಗೆ ಅಂಟಿಸಿದ್ದ ನನ್ನ ಕ್ರಮದ ಹಾಳೆಯನ್ನು ನಾನೇ ಕಿತ್ತೆ.

ಆಗಸ್ಟ್ 25, ಗೌರಿ ಹಬ್ಬದ ಹಿಂದಿನ ದಿನ. ಹೊಳೆಹೊನ್ನೂರಿನ ಸಂತೆಬೀದಿಯ ಉದ್ದಕ್ಕೂ ಬಾಳೆಕಂದು, ಮಾವಿನ ಸೊಪ್ಪು. ಸರ್ ಮತ್ತು ನಾನು ಹೋದಾಗ ಚನ್ನಬಸಪ್ಪನವರು ಹೊಸ ಬಿಳಿ ಅಂಗಿ ತೊಟ್ಟು ವೇಬ್ರಿಡ್ಜ್ ಹತ್ತಿರ ಕಾಯುತ್ತಿದ್ದರು. ಜೊತೆಗೆ ಅವರ ಹೆಂಡತಿ, ತವರಿಗೆ ಮೊದಲೇ ಬಂದಿದ್ದ ಮಗಳು. ಗುರುತಿನ ಮುಖ ಕಂಡು ರಫೀಕ್ ಎಂಬ ಆ ಲಾರಿ ಡ್ರೈವರೂ ಲಾರಿ ಪಕ್ಕಕ್ಕೆ ನಿಲ್ಲಿಸಿ ಇಳಿದಿದ್ದ.

ಹೊಸ ಪ್ರೋಗ್ರಾಮ್ ತುಂಬಿ ಬಟನ್ ಒತ್ತಿದೆ. ಪೆಟ್ಟಿಗೆ ಇನ್ನೂ ಬೇಕು ಎಂದಿತು. ಅಷ್ಟು ದೊಡ್ಡ ತಟ್ಟೆ, ಮಳೆ ನಿಂತಿತ್ತು, ಗಾಳಿಯೂ ಇರಲಿಲ್ಲ. ನಡುಕವೇ ಸಾಲದು.

“ಏನು ಬೇಕಂತೆ ಅದಕ್ಕೆ?” ಎಂದು ಚನ್ನಬಸಪ್ಪ ಕೇಳಿದರು.

“ತಟ್ಟೆ ಅಲ್ಲಾಡ್ಬೇಕು. ನೀವು ಸ್ವಲ್ಪ ಅದರ ಮೇಲೆ ಓಡಾಡ್ತೀರಾ? ಒಂದೇ ತರ ನಡೀಬೇಡಿ. ಹೆಂಗೆ ಬೇಕಾದ್ರೂ ಹಂಗೆ.”

ಚನ್ನಬಸಪ್ಪ ಪಂಚೆ ಎತ್ತಿ ಕಟ್ಟಿ ತಟ್ಟೆ ಹತ್ತಿದರು. ಗಂಭೀರವಾಗಿ, ಹೆಜ್ಜೆ ಅಳೆದ ಹಾಗೆ ಆ ತುದಿಯಿಂದ ಈ ತುದಿಗೆ ನಡೆದರು. ಪೆಟ್ಟಿಗೆ ಮತ್ತೆ ಇನ್ನೂ ಬೇಕು ಎಂದಿತು.

“ಬಸಪ್ಪಣ್ಣ, ಮಠಕ್ಕೆ ಹೊಂಟಂಗೆ ನಡಿಬ್ಯಾಡ್ರೀ!” ಎಂದು ರಫೀಕ್ ಕೂಗಿದ. “ಕುಣೀರಿ!”

“ನೀನೇ ಬಂದು ಕುಣಿ, ಗಂಡು ಹುಟ್ಟಿದ ಸಂತೋಷ ಇನ್ನೂ ಇಳಿದಿಲ್ಲಲ್ಲ.”

ರಫೀಕ್ ಹತ್ತಿದ. ಮಗಳು ನಗುತ್ತಲೇ ಸೀರೆ ಎತ್ತಿ ಹಿಡಿದು ಹತ್ತಿದಳು. “ಏ, ಮದ್ವೆಯಾದ ಹುಡುಗಿ, ಬೀಗ್ರು ನೋಡ್ಗೀಡಾರು!” ಎಂದ ಚನ್ನಬಸಪ್ಪನವರ ಹೆಂಡತಿಯೂ ಕೊನೆಗೆ ಹತ್ತಿದರು. ಸರ್ ಕೂಡ ಚಪ್ಪಲಿ ಕಳಚಿ ಹತ್ತಿದರು. ಐದು ಜನ ಕಬ್ಬಿಣದ ತಟ್ಟೆಯ ಮೇಲೆ ಯಾರಿಗೆ ಹೇಗೆ ತೋಚಿತೋ ಹಾಗೆ ಕುಪ್ಪಳಿಸುತ್ತಿದ್ದರು. ಸಂತೆಗೆ ಹೊರಟವರು ನಿಂತು ನೋಡಿದರು. ನಾನು ಕೋಣೆಯೊಳಗೆ ಅಂಕಿಗಳು ಹುಚ್ಚೆದ್ದು ಓಡುವುದನ್ನು ನೋಡುತ್ತ ಕೂತಿದ್ದೆ. ಅವತ್ತು ನಾನು ಸೆಕೆಂಡ್ ಎಣಿಸಲಿಲ್ಲ.

“ಆಯ್ತು!” ಎಂದು ಕೂಗಿದೆ.

ಚನ್ನಬಸಪ್ಪ ಏದುಸಿರು ಬಿಡುತ್ತ ಒಳಗೆ ಬಂದರು. “ಈಗಿದು ನಂದೇನಾ?”

“ನಿಮ್ದೇ. ನಿಮ್ಮ ಕಾಲಿಂದಾನೇ ಆಗಿದ್ದು. ಇನ್ಯಾರಿಗೂ ಬರಲ್ಲ.” ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡೆ. ಹಾಳೆ ತೆಗೆದು ಅದರ ಅಂಕಿಗಳನ್ನು ಪೂರ್ತಿ ಬರೆದುಕೊಂಡೆ; ಮೊದಲಿನ ಹನ್ನೊಂದರ ಜೊತೆ ತಾಳೆ ನೋಡಿದೆ. ಯಾವುದಕ್ಕೂ ಹೊಂದಲಿಲ್ಲ. ಆಮೇಲೆ ಇನ್ನೊಮ್ಮೆ, “ನಿಮ್ದೇ” ಎಂದೆ. ಸರ್ ಗಿರಣಿಗೆ ಫೋನ್ ಮಾಡಿ ಹೊಸ ಅಂಕಿಗಳನ್ನು ನಿಧಾನವಾಗಿ ಹೇಳಿ ಅಲ್ಲಿನ ಕಂಪ್ಯೂಟರಿಗೆ ಹಾಕಿಸಿದರು.

ಮುಂದಿನ ವಾರಗಳಲ್ಲಿ ಉಳಿದ ಹತ್ತೂ ಪೆಟ್ಟಿಗೆಗಳಿಗೆ ಇದೇ ಕುಣಿತ ನಡೆಯಿತು. ಕಾಗದನಗರದಲ್ಲಿ ಸೆಲ್ವಂ ಕಾಲನಿಯ ಅರ್ಧ ಜನರನ್ನು ಕರೆತಂದಿದ್ದ. ಸೆಪ್ಟೆಂಬರ್‌ನಲ್ಲಿ ಮೂಲ ಲೈಬ್ರರಿಯವರಿಗೆ ನಾನೊಂದು ಉದ್ದನೆಯ ಇ-ಮೇಲ್ ಬರೆದೆ: ನಮ್ಮಂಥ ಸಣ್ಣ ಪೆಟ್ಟಿಗೆಗಳು ಅಂಕಿಯನ್ನು ತಾವೇ ತಂದುಕೊಡಲು ಒಂದು ಬಾಗಿಲು ಬೇಕು, ಯಾರೂ ತರದಿದ್ದರೆ ಗಡಿಯಾರ ನೋಡಿಕೊಳ್ಳದೆ ನಿಂತುಬಿಡಬೇಕು. ಯಾವ ದೇಶದವರೋ, ಒಬ್ಬರು ನಾಲ್ಕು ಪ್ರಶ್ನೆ ಕೇಳಿದರು, ನನ್ನ ಒಂಬತ್ತು ಸಾಲನ್ನು ಆರಕ್ಕೆ ಇಳಿಸಿ ಸೇರಿಸಿಕೊಂಡರು. ಕತ್ತರಿ ಪುಸ್ತಕದ 47ನ್ನು ಹೊಡೆದು ಹಾಕಿದೆ. ಉಳಿದದ್ದು 211. ಅಕ್ಟೋಬರ್‌ನಲ್ಲಿ ನನ್ನ ಕೆಲಸ ಕಾಯಂ ಆಯಿತು. ಬೈಗುಳ ಮಾತ್ರ ಇವತ್ತಿಗೂ ಬಾಕಿ ಇದೆ.

ಆದರೆ ಆ ಮಳೆಗಾಲವೆಂದರೆ ನನಗೆ ನೆನಪಾಗುವುದು ಅವತ್ತಿನ ಮಧ್ಯಾಹ್ನದ ಮೊದಲ ಚೀ​ಟಿ. ರಫೀಕ್ ತನ್ನ ಲಾರಿಯನ್ನು ತಟ್ಟೆಯ ಮೇಲೆ ತಂದು ನಿಲ್ಲಿಸಿದ. ಚನ್ನಬಸಪ್ಪ ಕೈ ಒರೆಸಿಕೊಂಡು ಬಟನ್ ಒತ್ತಿದರು. ಚೀಟಿ ಹೋಯಿತು. ಕೋಣೆಯೊಳಗೆ ಎಲ್ಲರೂ ಫೋನನ್ನೇ ನೋಡುತ್ತಿದ್ದೆವು. ಎರಡು ನಿಮಿಷ, ಮೂರು ನಿಮಿಷ. ಗಂಟೆ ಬಾರಿಸಿತು. ಚನ್ನಬಸಪ್ಪನವರೇ ಎತ್ತಿಕೊಂಡರು. ನಾಗರಾಜಪ್ಪನವರ ದೊಡ್ಡ ದನಿ ಬಾಗಿಲ ಹತ್ತಿರ ನಿಂತ ನನಗೂ ಕೇಳಿಸಿತು.

“ಬಂತು ಯಜಮಾನ್ರೇ. ಹೊಳೆಹೊನ್ನೂರು.”

“ಆಂ? ಎಲ್ಲಿಂದ ಬಂತು ಅಂದ್ರಿ ಸಾಹೇಬ್ರೇ? ಲೈನು ಸರಿಯಿಲ್ಲ.”

“ಹೊಳೆಹೊನ್ನೂರಿಂದ! ಮುದ್ರೆ ಹೊಳೆಹೊನ್ನೂರಿಂದೇ!”

“ಏನೂ ಕೇಳಿಸ್ತಿಲ್ಲ ನೋಡ್ರಿ. ನಮ್ಮನೆಯೋಳು ಇಲ್ಲೇ ಅದಾಳೆ, ಅವಳಿಗೆ ಹೇಳ್ರಿ” ಎಂದು ಫೋನನ್ನು ಹೆಂಡತಿಯ ಕಿವಿಗೆ ಹಿಡಿದರು.

ನಾಗರಾಜಪ್ಪ ಮೂರನೇ ಸಲ ಹೇಳಿದರು. ಹೆಂಡತಿ ಕೇಳಿಸಿಕೊಂಡು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಹಬ್ಬದ ಕೆಲಸ ಬಾಕಿ ಇದೆಯೆಂದು ಮನೆಯ ಕಡೆ ಹೊರಟರು.

ಲೈನು ಚೆನ್ನಾಗಿಯೇ ಇತ್ತು.